ಎರಡು ಪಕ್ಷಗಳ ಪುಸ್ತಕ

ವಿವಾದಾಸ್ಪದವಾದ ಪ್ರಶ್ನೆಗಳನ್ನು ತರುಣರ ಮುಂದಿಡುವ ಪುಸ್ತಕ ಹೇಗಿರಬೇಕು? ಅಮೆರಿಕದ ಗ್ರೀನ್‌ಹೇವನ್ ಪ್ರಕಾಶನವು ಹೊರತಂದ ‘ಅಪೋಸಿಂಗ್ ವ್ಯೂಪಾಯಿಂಟ್ಸ್’ ಮಾಲೆಯಲ್ಲಿ ಪ್ರತಿಯೊಂದು ಪ್ರಶ್ನೆಗೂ ಪರ-ವಿರೋಧ ಲೇಖನಗಳನ್ನು ಎದುರೆದುರು ಇಟ್ಟಿದ್ದಾರೆ. ಈ ಕ್ರಮವೇ ಯುಕ್ತವೆಂದು ನನ್ನ ಮತ.

ಒಂದು ನಿದರ್ಶನವನ್ನು ನೋಡೋಣ. ಹದಿನೆಂಟು ತುಂಬುವ ಮೊದಲು ಎಸಗಿದ ಅಪರಾಧಕ್ಕೆ ಮರಣದಂಡನೆ ಕೂಡದೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ, ರೋಪರ್ ವಿರುದ್ಧ ಸಿಮನ್ಸ್ ಮೊಕದ್ದಮೆಯಲ್ಲಿ, ತೀರ್ಪಿತ್ತಿತು. ಆ ವಯಸ್ಸಿನಲ್ಲಿ ವಿವೇಕ ಇನ್ನೂ ಬಲಿತಿರುವುದಿಲ್ಲ, ತಿದ್ದಿಕೊಳ್ಳಲು ಅವಕಾಶವುಂಟು ಎಂದರು ಐವರು ನ್ಯಾಯಮೂರ್ತಿಗಳು. ವಯಸ್ಸೊಂದನ್ನೇ ಗೆರೆಯಾಗಿ ಎಳೆಯದೆ, ಆಯಾ ಅಪರಾಧಿಯನ್ನು ನೋಡಿ ಜ್ಯೂರಿಯೇ ನಿರ್ಧರಿಸಬಹುದೆಂದರು ಉಳಿದ ನಾಲ್ವರು.

ನಾನು ಐವರ ಪಕ್ಷದವನು. ಆದರೆ ನಾಲ್ವರ ವಾದವನ್ನು ಓದುವವರೆಗೆ ನನ್ನಲ್ಲಿದ್ದುದು ಬರಿಯ ಕನಿಕರ. ಓದಿದ ಮೇಲೆಯೇ ಅದಕ್ಕೆ ಕಾರಣ ಹೇಳಲು ಕಲಿತೆನು.