ಲಗ್ನಪತ್ರಿಕೆ ಸೀಸನ್ ಮುಗಿಯಲಿ, ಆಮೇಲೆ ಹಾಕಿಸು

ತಮ್ಮಾ, ನಿನ್ನ ಡಿಟಿಪಿ ಅಂಗಡಿಯ ಸಿಸ್ಟಂಗೆ ವಿಂಡೋಸ್ 11 ಹಾಕಿಸಲು ಹೊರಟಿದ್ದೀಯಂತೆ. ಬೇಡ ಅನ್ನುವುದಿಲ್ಲ, ಹಾಕಿಸು. 2025ರ ಅಕ್ಟೋಬರ್ 14ಕ್ಕೇ ಮೈಕ್ರೋಸಾಫ್ಟ್ ವಿಂಡೋಸ್ 10ರ ಕೈಬಿಟ್ಟಿದೆ. ಮಷೀನು ಎಂದಿನಂತೆ ಆನ್ ಆಗುತ್ತದೆ, ಕೆಲಸವೂ ಸಾಗುತ್ತದೆ; ಭದ್ರತೆಯ ಅಪ್‌ಡೇಟ್ ಮಾತ್ರ ಮಾಮೂಲಾಗಿ ಬರುವುದಿಲ್ಲ. ನಿನ್ನದೋ ಬೆಳಗಿನಿಂದ ಸಂಜೆಯವರೆಗೆ ಕಂಡಕಂಡವರ ಪೆನ್‌ಡ್ರೈವ್ ಹಾಕುವ ಅಂಗಡಿ. ಜನ ನಂಬಿ ಕೊಟ್ಟ ಆಧಾರ್, ಮಾರ್ಕ್ಸ್ ಕಾರ್ಡ್, ಪಹಣಿ ಎಲ್ಲ ಅದರೊಳಗೇ ಇರುತ್ತವೆ. ಅವರ ಮುಖ ನೋಡಿಯಾದರೂ ಬದಲಾಯಿಸಲೇಬೇಕು. ಆದರೆ ಕೈತುಂಬ ಕೆಲಸ ಇರುವಾಗ ಬೇಡ. ಮದುವೆ ಸೀಸನ್ ಮುಗಿದು, ಅಂಗಡಿ ತಣ್ಣಗಿರುವ ವಾರ ನೋಡಿಕೋ.

ಹೊಸದರ ರೂಪ ನೋಡಿ ಗಾಬರಿಯಾಗಬೇಡ. ನಾನು ಬಳಸುತ್ತಿದ್ದೇನಲ್ಲ, ಮೊದಮೊದಲು ಮೌಸ್ ತಾನಾಗಿಯೇ ಎಡಮೂಲೆಗೆ ಓಡುತ್ತದೆ, ಸ್ಟಾರ್ಟ್ ಬಟನ್ ನೋಡಿದರೆ ನಡುವೆ ಕೂತಿರುತ್ತದೆ. ಟಾಸ್ಕ್‌ಬಾರ್ ಸೆಟ್ಟಿಂಗ್ಸಿಗೆ ಹೋಗಿ ಎಡಕ್ಕೆ ತಂದುಕೊಂಡರೆ ಆ ಕಿರಿಕಿರಿ ಮುಗಿಯಿತು. ರೈಟ್ ಕ್ಲಿಕ್ ಮಾಡಿದಾಗ ಕಟ್, ಕಾಪಿ ಪಟ್ಟಿಯೊಳಗಿರದೆ ಚಿತ್ರಗಳ ಸಾಲಾಗಿ ಕಾಣುತ್ತವೆ. ಹಳೆಯ ಉದ್ದನೆಯ ಪಟ್ಟಿ ಬೇಕೆಂದರೆ ಶಿಫ್ಟ್ ಹಿಡಿದು ಎಫ್10 ಒತ್ತು. ನನಗೆ ನಿಜಕ್ಕೂ ಹಿಡಿಸಿದ್ದು ಇನ್ನೊಂದು. ಕಿಟಕಿ ದೊಡ್ಡದು ಮಾಡುವ ಗುಂಡಿಯ ಮೇಲೆ ಮೌಸ್ ಇಟ್ಟರೆ ಪರದೆಯನ್ನು ಹೇಗೆ ಹಂಚಿಕೊಳ್ಳಬೇಕೆಂದು ಅದೇ ಕೇಳುತ್ತದೆ. ಒಂದು ಕಡೆ ಸ್ಕ್ಯಾನ್ ಮಾಡಿದ ಹಸ್ತಪ್ರತಿ, ಇನ್ನೊಂದು ಕಡೆ ನೀನು ಟೈಪ್ ಮಾಡಿದ ಪುಟ. ಪ್ರೂಫ್ ನೋಡುವವರಿಗೆ ಇದು ಬಹಳ ಅನುಕೂಲ.

ಜೋಪಾನವಾಗಿರಬೇಕಾದ್ದು ಬೇರೆ ಕಡೆ. ನಿನ್ನ ಹಳೆಯ ಫೈಲುಗಳು ಬಹುಪಾಲು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿವೆ, ಯುನಿಕೋಡ್ ಅಲ್ಲ. ಇದ್ದ ವಿಂಡೋಸ್ ಮೇಲೆಯೇ ಅಪ್‌ಗ್ರೇಡ್ ಮಾಡಿದರೆ ಫಾಂಟ್ ಉಳಿಯುತ್ತದೆ. ಸರ್ವೀಸಿನವನು ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕಿದನೋ, ಫಾಂಟ್ ಹೋಯಿತು. ಆಗ ಫೈಲು ತೆರೆದರೆ ‘ಕನ್ನಡ’ ಎಂದಿದ್ದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ, ತಲೆಮೇಲೆ ಗೀರಿರುವ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಹೀಗೆ ಏನೇನೋ ಕಾಣುತ್ತದೆ. ಫೈಲು ಕೆಟ್ಟಿತೆಂದು ಅಳಿಸಿಬಿಡಬೇಡ. ಒಳಗಿನ ಮಾತು ಹಾಗೇ ಇರುತ್ತದೆ, ತೋರಿಸುವ ಫಾಂಟ್ ಇಲ್ಲ ಅಷ್ಟೆ. ಅದಕ್ಕೇ ಮೊದಲು ಫಾಂಟುಗಳನ್ನೆಲ್ಲ ಒಂದು ಫೋಲ್ಡರಿಗೆ ಕಾಪಿ ಮಾಡು. ಡೆಸ್ಕ್‌ಟಾಪಿನಲ್ಲಿ ರಾಶಿ ಹಾಕಿದ್ದೀಯಲ್ಲ, ಅದೆಲ್ಲ ಫಾರ್ಮ್ಯಾಟಿಗೆ ಅಳಿಸಿಹೋಗುವ ಸಿ ಡ್ರೈವಿನಲ್ಲೇ ಇರುವುದು. ಅದನ್ನೂ ಸೇರಿಸಿ ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕು. ಹಾಕಿದ ಮೇಲೆ ಬೇರೆ ಮಷೀನಿನಲ್ಲಿ ನಾಲ್ಕು ಫೈಲು ತೆರೆದು ನೋಡು.

ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್ ಎಂದು ಹೋದರೆ ಈಗಿರುವ ವಿಂಡೋಸ್ 32 ಬಿಟ್ಟೋ 64 ಬಿಟ್ಟೋ ಗೊತ್ತಾಗುತ್ತದೆ. 11 ಬರುವುದು 64ರಲ್ಲಿ ಮಾತ್ರ. ನಿನ್ನದು 32 ಆಗಿದ್ದರೆ ಫಾರ್ಮ್ಯಾಟ್ ತಪ್ಪಿದ್ದಲ್ಲ, ಹಳೆಯ ಪ್ರಿಂಟರಿಗೆ 64ರ ಡ್ರೈವರ್ ಸಿಗುತ್ತದೋ ಎಂದು ಮೊದಲೇ ವಿಚಾರಿಸು. 11 ಕೇಳುವ ಭದ್ರತಾ ಚಿಪ್ ಟಿಪಿಎಂ 2.0 ಇಲ್ಲ ಎಂದು ತೋರಿಸಿದರೆ ತಕ್ಷಣ ಹೊಸ ಮಷೀನು ಕೊಳ್ಳಲು ಓಡಬೇಡ. ಎಷ್ಟೋ ಬೋರ್ಡುಗಳಲ್ಲಿ ಅದು ಇದ್ದೂ ಬಯೋಸಿನಲ್ಲಿ ಆಫ್ ಆಗಿರುತ್ತದೆ. ಹಾಕಿಸಿದ ಮೇಲೆ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆಯೇ ನೋಡು. ಇದ್ದರೆ 48 ಅಂಕಿಗಳ ರಿಕವರಿ ಕೀ ಇರುತ್ತದೆ. ಅದನ್ನು ಪ್ರಿಂಟ್ ತೆಗೆದು ಮನೆಯಲ್ಲಿಡು, ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಲ್ಲ. ಮುಂದೆ ಯಾವಾಗಲಾದರೂ ಮಷೀನು ಅದನ್ನು ಕೇಳಿ, ನಿನ್ನ ಹತ್ತಿರ ಇಲ್ಲದಿದ್ದರೆ ಯಾವ ಸರ್ವೀಸಿನವನೂ ಆ ಡಿಸ್ಕ್ ಬಿಚ್ಚಿಕೊಡಲಾರ.

ಇದ್ದದ್ದರ ಮೇಲೆ ಅಪ್‌ಗ್ರೇಡ್ ಮಾಡಿದವರಿಗೆ ಹತ್ತು ದಿನದೊಳಗೆ ಹಳೆಯದಕ್ಕೆ ಮರಳುವ ದಾರಿ ಇದೆ. ಅಷ್ಟರೊಳಗೆ ಪ್ರಿಂಟರ್, ಸ್ಕ್ಯಾನರ್, ನುಡಿ, ಟ್ಯಾಲಿ ಎಲ್ಲವನ್ನೂ ಒಮ್ಮೆ ಓಡಿಸಿ ನೋಡು. ಜಾಗ ಸಾಲದೆಂದು ವಿಂಡೋಸ್ ಓಲ್ಡ್ ಫೋಲ್ಡರ್ ಅಳಿಸಿದರೆ ಆ ದಾರಿ ಮುಚ್ಚಿದಂತೆ.

ಇನ್ನು ಪೇಜ್‌ಮೇಕರ್. ಅದರ ಕೊನೆಯ ದೊಡ್ಡ ಆವೃತ್ತಿ 7.0 ಬಂದದ್ದು 2001ರಲ್ಲಿ. ಹೊಸ ವಿಂಡೋಸಿನಲ್ಲಿ ಅದು ಓಡಿದರೂ ಅದನ್ನೇ ನೆಚ್ಚಿಕೊಂಡು ಕೂರಬೇಡ. ಹೊಸ ಕೆಲಸವನ್ನೆಲ್ಲ ಯುನಿಕೋಡಿನಲ್ಲೇ ಮಾಡು. ಹಳೆಯ ಗಿರಾಕಿ ಹಳೆಯ ಪುಸ್ತಕದ ಮರುಮುದ್ರಣಕ್ಕೆ ಬಂದರೆ ಪೇಜ್‌ಮೇಕರ್ ಬೇಕಾಗುತ್ತದೆ; ಹಾಗಾಗಿ ಮೂಲೆಯಲ್ಲಿರುವ ಆ ಹಳೆಯ ಮಷೀನನ್ನು ಗುಜರಿಗೆ ಕೊಡದೆ ಅದಕ್ಕೆಂದೇ ಇಟ್ಟುಕೋ. ಆ ಮಷೀನಿನ ಇಂಟರ್ನೆಟ್ ತೆಗೆದುಬಿಡು, ಹೊರಗಿನವರ ಪೆನ್‌ಡ್ರೈವ್ ಅದಕ್ಕೆ ಹಾಕಲೇಬೇಡ.