ಉಸಿರಿಗೆ ತಕ್ಕ ಒತ್ತಡ: ಆಟೋ ಸಿಪ್ಯಾಪ್ ಯಂತ್ರದ ಬಗ್ಗೆ ಒಂದಿಷ್ಟು ತಿಳಿವಳಿಕೆ



ಈ ಬಾರಿ ನಮ್ಮ ವೈದ್ಯಕೀಯ ನೆರವು ಸಮಿತಿಗೆ ಬಂದಿರುವ ಅರ್ಜಿ ಕೊಚ್ಚಿಯಲ್ಲಿ ನೆಲೆಸಿರುವ ಕನ್ನಡಿಗರೊಬ್ಬರದು. ಕೊಚ್ಚಿಯಿಂದ ತಿರುವನಂತಪುರಕ್ಕೆ ಸುಮಾರು 200 ಕಿ.ಮೀ. ದಾರಿಯಲ್ಲಿ ಟ್ಯಾಕ್ಸಿ ಓಡಿಸುವುದೇ ಅವರ ಜೀವನೋಪಾಯ. ರಾತ್ರಿಯಿಡೀ ಗೊರಕೆ, ಹಗಲೆಲ್ಲ ತೂಕಡಿಕೆ. ವೈದ್ಯರು ಆಟೋ ಸಿಪ್ಯಾಪ್ ಬರೆದುಕೊಟ್ಟಿದ್ದಾರೆ. ಗೊರಕೆಗೆ ಇಷ್ಟು ದುಬಾರಿ ಯಂತ್ರ ಬೇಕೇ ಎಂದು ಕೆಲವರು ಕೇಳಿದ್ದರಿಂದ, ನಾನು ಓದಿ, ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಯಿಲೆ ಏನು?
ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಬೆಚ್ಚಿ ಎಚ್ಚರಿಸುತ್ತದೆ. ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಅಥವಾ ತೀರಾ ಕುಗ್ಗಿದರೆ ಅದನ್ನು ಒಂದು ಸಲ ಎಂದು ಎಣಿಸುತ್ತಾರೆ. ಗಂಟೆಗೆ 5ರಿಂದ 15 ಸಲವಾದರೆ ಸೌಮ್ಯ, 30ರವರೆಗೆ ಮಧ್ಯಮ, ಅದನ್ನು ಮೀರಿದರೆ ತೀವ್ರ. ರಕ್ತದೊತ್ತಡ, ಹೃದ್ರೋಗಗಳಿಗೂ ಇದಕ್ಕೂ ನಂಟಿದೆ.

ಯಂತ್ರ ಏನು ಮಾಡುತ್ತದೆ?
ಮೂಗಿನ ಮೂಲಕ ಒತ್ತಡದ ಗಾಳಿ ಹಾಯಿಸಿ ಗಂಟಲನ್ನು ತೆರೆದಿಡುವ ವಿಧಾನವನ್ನು 1981ರಲ್ಲಿ ಸಿಡ್ನಿಯ ಡಾ. ಕಾಲಿನ್ ಸಲಿವನ್ ಮತ್ತು ಸಂಗಡಿಗರು ಪ್ರಕಟಿಸಿದರು. ಸಾಮಾನ್ಯ ಸಿಪ್ಯಾಪ್ ರಾತ್ರಿಯಿಡೀ ಒಂದೇ ಒತ್ತಡ ಕೊಡುತ್ತದೆ. ಆದರೆ ಅಂಗಾತ ಮಲಗಿದಾಗ ಮತ್ತು ಕನಸಿನ ನಿದ್ರೆಯಲ್ಲಿ ಹೆಚ್ಚು ಒತ್ತಡ ಬೇಕಾಗಬಹುದು, ಮಗ್ಗುಲಾದಾಗ ಕಡಿಮೆ ಸಾಕಾಗಬಹುದು. ಆಟೋ ಯಂತ್ರ ಗಾಳಿಯ ಹರಿವು, ಗೊರಕೆಯ ಕಂಪನಗಳನ್ನು ಗಮನಿಸಿ, ವೈದ್ಯರು ಗೊತ್ತುಮಾಡಿದ ಮಿತಿಯೊಳಗೆ ಒತ್ತಡ ಏರಿಸುತ್ತದೆ, ಇಳಿಸುತ್ತದೆ. ಈ ಮಿತಿ ಸಾಮಾನ್ಯವಾಗಿ 4ರಿಂದ 20 ಸೆಂ.ಮೀ. ನೀರಿನ ಒತ್ತಡದ ನಡುವೆ ಇರುತ್ತದೆ. ಸರಿಯಾದ ಒತ್ತಡ ಕಂಡುಹಿಡಿಯಲೆಂದೇ ಆಸ್ಪತ್ರೆಯಲ್ಲಿ ಇನ್ನೊಂದು ರಾತ್ರಿ ಕಳೆಯುವುದು ಅನೇಕರಿಗೆ ತಪ್ಪುತ್ತದೆ. ಹಾಗೆಂದು ಸರಿಯಾಗಿ ಹೊಂದಿಸಿದ ಸಾಮಾನ್ಯ ಯಂತ್ರಕ್ಕಿಂತ ಗುಣ ಹೆಚ್ಚೇನಲ್ಲ. ಎರಡರ ಫಲವೂ ಹೆಚ್ಚುಕಡಿಮೆ ಒಂದೇ.

ಎಲ್ಲರಿಗೂ ಸಲ್ಲದು
ಹೃದಯ ವೈಫಲ್ಯ ಅಥವಾ ತೀವ್ರ ಶ್ವಾಸಕೋಶದ ಕಾಯಿಲೆ ಇರುವವರಿಗೆ, ಮೆದುಳಿನ ಸೂಚನೆಯೇ ತಪ್ಪಿ ಉಸಿರು ನಿಲ್ಲುವವರಿಗೆ ಆಟೋ ಯಂತ್ರವನ್ನು ಸಾಮಾನ್ಯವಾಗಿ ಸೂಚಿಸುವುದಿಲ್ಲ. ಆದ್ದರಿಂದ ನಿದ್ರಾ ಪರೀಕ್ಷೆಯ ವರದಿ ಇಲ್ಲದ ಅರ್ಜಿಯನ್ನು ಸಮಿತಿ ಪರಿಗಣಿಸುವುದಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ, ಕೊಚ್ಚಿಯ ಅಮೃತಾ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಯ ಸೌಲಭ್ಯವಿದೆ.

ಹಳೆಯ ಯಂತ್ರ ಕೊಡುವವರಿಗೆ
ಒಳಗಿನ ಫೋಮ್ ಪುಡಿಯಾಗುವ ಸಂಭವವಿದೆಯೆಂದು ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ತನ್ನ ಹಲವು ಮಾದರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಆದ್ದರಿಂದ ಮಾದರಿ, ತಯಾರಿಕೆಯ ದಿನಾಂಕ ನೋಡಿಯೇ ಕೊಡಿ. ಬಳಸಿದ ಮಾಸ್ಕ್ ಬೇಡ. ಒತ್ತಡವನ್ನು ಹೊಸ ರೋಗಿಗೆ ತಕ್ಕಂತೆ ವೈದ್ಯರ ಸಲಹೆಯ ಮೇರೆಗೆ ಬದಲಿಸಲೇಬೇಕು.

ಯಂತ್ರ ಕೊಡಿಸಿದರೆ ನಮ್ಮ ಕೆಲಸ ಮುಗಿಯದು. ಮಾಸ್ಕ್ ಸೋರಿದರೆ, ಮೂಗು ಒಣಗಿದರೆ ಎಷ್ಟೋ ಮಂದಿ ಯಂತ್ರವನ್ನು ಅಟ್ಟಕ್ಕೇರಿಸುತ್ತಾರೆ. ರಾತ್ರಿಗೆ ಕನಿಷ್ಠ 4 ಗಂಟೆಯಂತೆ 100ರಲ್ಲಿ 70 ರಾತ್ರಿಯಾದರೂ ಬಳಸಬೇಕೆಂಬುದು ರೂಢಿಯಲ್ಲಿರುವ ಅಳತೆ. ಆ ಲೆಕ್ಕ ಯಂತ್ರದಲ್ಲೇ ದಾಖಲಾಗುತ್ತದೆ. ಹಾಗಾಗಿ ಯಂತ್ರದ ಜೊತೆಗೆ ಮಾಸ್ಕ್, ಫಿಲ್ಟರ್, ಮರುತಪಾಸಣೆಗಳ ಖರ್ಚಿಗೂ ನೆರವು ಕೋರುತ್ತಿದ್ದೇವೆ.

ಸ್ಟೀರಿಂಗ್ ಹಿಡಿದವರ ನಿದ್ದೆ ಸರಿಯಾದರೆ ಹಿಂದಿನ ಸೀಟಿನಲ್ಲಿ ಕೂತವರೂ, ಎದುರಿನಿಂದ ಬರುವವರೂ ಕ್ಷೇಮ. ನಿಮ್ಮಿಂದಾದಷ್ಟು ನೀಡಿ, ಸಮಿತಿಯ ಕೈ ಬಲಪಡಿಸಿ.