ಬಾಕ್ಸ್ ಇಳಿಸುವ ಮುನ್ನ ಒಂದು ಫೂಟ್‌ಪಟ್ಟಿ

“ಕ್ಲಚ್ ಪ್ಲೇಟ್ ಹೋಗೇತ್ರೀ, ಬಾಕ್ಸ್ ಇಳಸಬೇಕು.” ಹಳೇ ಲಾರಿಯ ಗೇರು ಬೀಳದೆ ಒದ್ದಾಡತೊಡಗಿದರೆ ಮಾಲೀಕನ ಕಿವಿಗೆ ಮೊದಲು ಬೀಳುವ ಮಾತು ಬಹಳ ಸಲ ಇದೇ. ಗೇರ್ ಬಾಕ್ಸ್ ಇಳಿಸುವುದೆಂದರೆ ಗಾಡಿ ನಿಂತಿತು, ಬಾಡಿಗೆ ನಿಂತಿತು. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಹುಬ್ಬಳ್ಳಿ ಲಾರಿಗಳ ಊರು. ರಾಷ್ಟ್ರೀಯ ಹೆದ್ದಾರಿ 48 ಇಲ್ಲಿ ಹಾದುಹೋಗುತ್ತದೆ, 52 ಇಲ್ಲಿಂದ ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲೆಗೆ ಇಳಿಯುತ್ತದೆ. ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಕಟ್ಟತೊಡಗಿದ ವಿಆರ್‌ಎಲ್ ಸಂಸ್ಥೆಯ ನೋಂದಾಯಿತ ಕಚೇರಿ ಈಗ ಹುಬ್ಬಳ್ಳಿ ಹತ್ತಿರದ ವರೂರಿನಲ್ಲಿದೆ. ಅಂಥ ದೊಡ್ಡ ಸಂಸ್ಥೆಗಳ ಜೊತೆಗೇ, ಒಂದೆರಡು ಹಳೇ ಗಾಡಿ ಇಟ್ಟುಕೊಂಡು ಅಮರಗೋಳದ ಎಪಿಎಂಸಿಯಿಂದ ಲೋಡು ಎತ್ತುವ ಮನೆಗಳೂ ಇವೆ. ನಮ್ಮದು ಅಂಥದೊಂದು ಮನೆ, ಅಂಥದೊಂದು ಲಾರಿ.

ಆ ಲಾರಿಗೆ ರಿವರ್ಸ್ ಹಾಕಲು ಹೋದರೆ ಹಲ್ಲು ಕಡಿದ ಸದ್ದು ಬರುತ್ತಿತ್ತು. ಗಬ್ಬೂರ ಬೈಪಾಸಿನ ದಟ್ಟಣೆಯಲ್ಲಿ ಒಂದನೇ ಗೇರು ಬೀಳುವುದೇ ಕಷ್ಟ. ಡ್ರೈವರ್ ಅದಕ್ಕೊಂದು ಉಪಾಯ ಹುಡುಕಿಕೊಂಡಿದ್ದ: “ಕ್ಲಚ್ ಎರಡ ಸಲ ಪಂಪ್ ಮಾಡಿದ್ರ ಗೇರ್ ಬೀಳ್ತೈತ್ರೀ.” ಬಾಕ್ಸ್ ಇಳಿಸಲು ಹೇಳಿದ ಗ್ಯಾರೇಜಿನಲ್ಲಿ ಈ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಹಳೇ ಹುಬ್ಬಳ್ಳಿಯ ಒಬ್ಬ ಹಿರಿಯ ಮಿಸ್ತ್ರಿ ಅಷ್ಟಕ್ಕೇ ತಲೆಯೆತ್ತಿ ನೋಡಿದರು.

ಅವರ ತರ್ಕ ಸರಳ. ಪ್ಲೇಟು ಸವೆದರೆ ಕ್ಲಚ್ ಜಾರುತ್ತದೆ: ಎಂಜಿನ್ ಕೂಗುತ್ತದೆ, ಗಾಡಿ ಏರು ಎಳೆಯುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಈ ಲಾರಿ ಎಳೆಯುತ್ತಿತ್ತು. ಇದರ ತೊಂದರೆ ಕ್ಲಚ್ ಬಿಡದಿರುವುದು. ಇನ್ನು ಪಂಪ್ ಮಾಡಿದರೆ ಸರಿಹೋಗುತ್ತದೆ ಎಂದರೆ ದೋಷ ಆಯಿಲಿನ ದಾರಿಯಲ್ಲಿದೆ. ಒಳಗಿನ ಪ್ಲೇಟಿಗೆ ಪೆಡಲನ್ನು ಎಷ್ಟು ಸಲ ತುಳಿದರೇನು?

ಗಾಲಿಗೆ ಕಲ್ಲು ಇಡಿಸಿ, ಎಂಜಿನ್ ಬಂದ್ ಮಾಡಿಸಿ, ಮಿಸ್ತ್ರಿ ಒಂದು ಸ್ಟೀಲ್ ಫೂಟ್‌ಪಟ್ಟಿ ಹಿಡಿದು ಗಾಡಿಯ ಕೆಳಗೆ ಮಲಗಿದರು. ಡ್ರೈವರ್ ಪೆಡಲನ್ನು ಒಮ್ಮೆ ಪೂರ್ತಿ ತುಳಿದ. ಗೇರ್ ಬಾಕ್ಸಿನ ಪಕ್ಕದ ಸ್ಲೇವ್ ಸಿಲಿಂಡರಿನಿಂದ ಹೊರಬರುವ ಪುಶ್ ರಾಡು ಸರಿದದ್ದು ಬರೀ 12 ಮಿ.ಮೀ.

ಆ ಅಂಕಿಯ ಅರ್ಥ ತಿಳಿಯಲು ಸ್ವಲ್ಪ ಲೆಕ್ಕ ಬೇಕು. ಪೆಡಲು ತುಳಿದಾಗ ಮೇಲಿನ ಮಾಸ್ಟರ್ ಸಿಲಿಂಡರ್ ಆಯಿಲನ್ನು ಪೈಪಿನ ಮೂಲಕ ಕೆಳಗಿನ ಸ್ಲೇವಿಗೆ ತಳ್ಳುತ್ತದೆ. ಮಾಸ್ಟರಿನ ವ್ಯಾಸ 19 ಮಿ.ಮೀ., ಅದರ ಪಿಸ್ಟನ್ ಸರಿಯುವುದು 30 ಮಿ.ಮೀ. ಎಂದುಕೊಂಡರೆ ಹೋಗುವ ಆಯಿಲು ಸುಮಾರು 8.5 ಮಿ.ಲೀ. ಸ್ಲೇವಿನ ವ್ಯಾಸ 22 ಮಿ.ಮೀ. ಇದ್ದರೆ ಅಷ್ಟು ಆಯಿಲು ಅದರ ಪಿಸ್ಟನ್ನನ್ನು ಸುಮಾರು 22 ಮಿ.ಮೀ. ತಳ್ಳಬೇಕು. ನಡುವೆ 2 ಮಿ.ಲೀ. ಗಾಳಿ ಸಿಕ್ಕಿಕೊಂಡರೆ ಒತ್ತಡಕ್ಕೆ ಅದು ಹೆಚ್ಚೂಕಡಿಮೆ ಪೂರ್ತಿ ಹಿಸುಕಿಹೋಗಿ, 5 ಮಿ.ಮೀ. ಚಲನೆಯನ್ನು ನುಂಗಿಬಿಡುತ್ತದೆ. ಮತ್ತೆ ಮತ್ತೆ ತುಳಿದಾಗ ಆಯಿಲ್ ಡಬ್ಬಿಯಿಂದ ಹೆಚ್ಚುವರಿ ಆಯಿಲು ಸೇರಿ ಆ ಕೊರತೆ ಸ್ವಲ್ಪ ಹೊತ್ತು ಮುಚ್ಚಿಹೋಗುತ್ತದೆ. ಡ್ರೈವರಿನ ಉಪಾಯದ ಗುಟ್ಟು ಇಷ್ಟೇ.

ಸ್ಲೇವಿನ ರಬ್ಬರ್ ಬೂಟನ್ನು ಹಿಂದಕ್ಕೆ ಸರಿಸಿದಾಗ ಒಳಗೆ ಒದ್ದೆ. ಆಯಿಲು ಕಷಾಯದಂತೆ ಕಪ್ಪಾಗಿತ್ತು. ಬಿಚ್ಚಿ ನೋಡಿದರೆ ವಾಷರಿನ ಅಂಚು ಹರಿದಿತ್ತು, ಸಿಲಿಂಡರಿನ ಒಳಮೈಯಲ್ಲಿ ತುಕ್ಕಿನ ಚುಕ್ಕೆಗಳು. ಮುಚ್ಚಿದ ವ್ಯವಸ್ಥೆಯೊಳಗೆ ತುಕ್ಕು ಹೇಗೆ ಬಂತು? ಕ್ಲಚ್ಚಿಗೂ ಹಾಕುವ ಬ್ರೇಕ್ ಆಯಿಲು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ, ಅದರಲ್ಲಿ ಶೇ. 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇದೇ ಅಂಕಿಗಳು 230 ಮತ್ತು 155. ನೀರು ಲೋಹವನ್ನು ತಿನ್ನುತ್ತದೆ, ತಿಂದ ಲೋಹ ವಾಷರನ್ನು ಕೊಯ್ಯುತ್ತದೆ.

ತುಕ್ಕು ತಿಂದ ಸಿಲಿಂಡರಿಗೆ ಹೊಸ ವಾಷರ್ ಕಿಟ್ ಹಾಕಿದರೆ ಅದೂ ಬೇಗನೆ ಹರಿಯುತ್ತದೆ. ಹಾಗಾಗಿ ಸ್ಲೇವ್ ಸಿಲಿಂಡರನ್ನೇ ಬದಲಾಯಿಸಿದರು. ಮಾಸ್ಟರಿನ ಒಳಮೈ ನುಣುಪಾಗಿದ್ದುದರಿಂದ ಅದಕ್ಕೆ ಕಿಟ್ ಮಾತ್ರ. ಭಾಗಗಳನ್ನು ತೊಳೆಯಲು ಡೀಸೆಲ್, ಪೆಟ್ರೋಲ್ ಮುಟ್ಟಿಸಲಿಲ್ಲ. ವಾಷರಿನ ರಬ್ಬರು ಅವುಗಳಿಗೆ ಉಬ್ಬಿಕೊಳ್ಳುತ್ತದೆ. ದಾರಿಯಲ್ಲಿ ಡಬ್ಬಿ ಖಾಲಿಯಾಯಿತೆಂದು ಎಂಜಿನ್ ಆಯಿಲು ಸುರಿದರೆ ಇಡೀ ಸಾಲಿನ ರಬ್ಬರು ಕೆಡುವುದೂ ಇದೇ ಕಾರಣಕ್ಕೆ.

ಏರ್ ತೆಗೆಯುವ ಕೆಲಸವೇ ಹೆಚ್ಚು ಹೊತ್ತು ಹಿಡಿಯಿತು. ಪೆಡಲು ತುಳಿದು, ಸ್ಲೇವಿನ ನಿಪ್ಪಲ್ ಸಡಿಲಿಸಿ, ಮತ್ತೆ ಬಿಗಿದರೂ ಪೆಡಲು ಮೆತ್ತಗೇ ಇತ್ತು. ಗಾಳಿ ಮೇಲಕ್ಕೇರುತ್ತದೆ, ತುಳಿದಾಗ ಆಯಿಲು ಕೆಳಕ್ಕೆ ಹೋಗುತ್ತದೆ. ಪೈಪು ಎತ್ತರದಲ್ಲಿ ಬಾಗಿದ ಜಾಗದಲ್ಲಿ ಗುಳ್ಳೆ ಕೂತುಬಿಡುತ್ತದೆ. ಮಿಸ್ತ್ರಿ ದಾರಿಯನ್ನೇ ತಿರುಗಿಸಿದರು. ಆಯಿಲ್ ಕ್ಯಾನಿಗೆ ನಳಿಕೆ ಜೋಡಿಸಿ ಕೆಳಗಿನ ನಿಪ್ಪಲಿನಿಂದ ಮೇಲಕ್ಕೆ ಆಯಿಲು ಒತ್ತಿದಾಗ ಡಬ್ಬಿಯಲ್ಲಿ ಗುಳ್ಳೆಗಳು ಎದ್ದವು. ಬಳಿಕ ಫೂಟ್‌ಪಟ್ಟಿ ತೋರಿಸಿದ್ದು 21 ಮಿ.ಮೀ. ರಿವರ್ಸ್ ಸದ್ದಿಲ್ಲದೆ ಬಿತ್ತು.

ಕೊನೆಗೆ ಪೆಡಲಿನ ಆಟ. ಪೆಡಲಿನ ರಾಡಿಗೂ ಮಾಸ್ಟರಿನ ಪಿಸ್ಟನ್ನಿಗೂ ನಡುವೆ ಕೂದಲೆಳೆಯಷ್ಟಾದರೂ ಸಡಿಲ ಇರಲೇಬೇಕು. ಇಲ್ಲದಿದ್ದರೆ ಆಯಿಲು ಡಬ್ಬಿಗೆ ಮರಳುವ ಸಣ್ಣ ರಂಧ್ರ ತೆರೆಯುವುದೇ ಇಲ್ಲ, ಕ್ಲಚ್ ಅರ್ಧ ಒತ್ತಿದಂತೆಯೇ ಉಳಿದು ಒಳ್ಳೆಯ ಪ್ಲೇಟೂ ಸುಟ್ಟುಹೋಗುತ್ತದೆ.

ಎಲ್ಲ ಲಾರಿಗಳಲ್ಲೂ ಉತ್ತರ ಸ್ಲೇವಿನಲ್ಲೇ ಸಿಗುವುದಿಲ್ಲ. ಹೊರಗೆಲ್ಲ ಒಣಗಿದ್ದು, ಪೆಡಲು ಒತ್ತಿ ಹಿಡಿದಾಗ ಅದು ನಿಧಾನವಾಗಿ ಕುಸಿದರೆ, ಗೇರಿನಲ್ಲಿದ್ದ ಗಾಡಿ ತೆವಳಿದರೆ, ಮಾಸ್ಟರಿನ ವಾಷರು ಒಳಗೇ ಸೋರುತ್ತಿದೆ. ತುಳಿದಾಗ ರಬ್ಬರ್ ಹೋಸು ಉಬ್ಬುವುದು ಕಣ್ಣಿಗೆ ಕಂಡರೆ ಹೋಸು ಬದಲಿಸಬೇಕು. ರಾಡು ಪೂರ್ತಿ ಸರಿದೂ ಗೇರು ಬೀಳದಿದ್ದರೆ ಮಾತ್ರ ಪೈಲಟ್ ಬೇರಿಂಗ್ ಹಿಡಿದಿದೆಯೇ, ಶಾಫ್ಟಿನ ಮೇಲೆ ಪ್ಲೇಟು ಸಿಕ್ಕಿಕೊಂಡಿದೆಯೇ, ಕ್ಲಚ್ ಫೋರ್ಕು ಬಾಗಿದೆಯೇ ಎಂದು ನೋಡಲು ಬಾಕ್ಸ್ ಇಳಿಸುವುದು ನ್ಯಾಯ.

ಈಗ ಮಳೆಗಾಲ ಮುಗಿದ ಮೇಲೆ ಆ ಲಾರಿಯ ಕ್ಲಚ್ ಆಯಿಲು ಬದಲಾಗುತ್ತದೆ, ಸೀಲು ಒಡೆಯದ ಬಾಟಲಿಯಿಂದಲೇ. ಗೇರು ಹಾಕಲು ಎರಡನೇ ಸಲ ತುಳಿಯಬೇಕಾಯಿತೆಂದು ಡ್ರೈವರ್ ಹೇಳಿದರೆ ಅಂಕೋಲಾ ಲೋಡು ಒಪ್ಪಿಕೊಳ್ಳುವುದಿಲ್ಲ. ಆ ದಾರಿಯ ಅರಬೈಲ್ ಘಾಟಿಯ ಇಳಿಜಾರಿನಲ್ಲಿ ತುಂಬಿದ ಗಾಡಿಯನ್ನು ಹಿಡಿದಿಡುವುದು ಬ್ರೇಕಿನ ಜೊತೆಗೆ ಕೆಳಗಿನ ಗೇರು. ಅಲ್ಲಿ ಗೇರು ಬೀಳದೆ ಗಾಡಿ ನ್ಯೂಟ್ರಲ್‌ನಲ್ಲಿ ಉಳಿದರೆ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು ಡ್ರಮ್ಮು ಕಾಯುತ್ತದೆ, ಬ್ರೇಕು ಹಿಡಿತ ಬಿಡುತ್ತದೆ. ಒಂದು ಬಾಡಿಗೆ ತಪ್ಪಿದರೆ ಮುಂದಿನ ವಾರ ಇನ್ನೊಂದು ಸಿಗುತ್ತದೆ. ಆ ಇಳಿಜಾರಿಗೆ ಡ್ರೈವರ್ ಮತ್ತು ಕ್ಲೀನರನ್ನು ಅರೆಬರೆ ಕ್ಲಚ್ಚಿನ ಗಾಡಿಯಲ್ಲಿ ಕಳಿಸುವ ಹಕ್ಕು ಯಾವ ಮಾಲೀಕನಿಗೂ ಇಲ್ಲ.